ಕೇಬಲ್ ಚುಚ್ಚಿದರೆ ಏಳುತ್ತಿದ್ದ ರೊಟ್ಟಿ ಮಷಿನ್

ಕೇಬಲ್ ಚುಚ್ಚಿದೆ. ಮಷಿನ್ ಎದ್ದಿತು. ಕೇಬಲ್ ಕಿತ್ತು, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಸತ್ತಿತು. ಮತ್ತೆ ಚುಚ್ಚಿದೆ. ಎದ್ದಿತು. ಮತ್ತೆ ಕಿತ್ತೆ. ಸತ್ತಿತು.

ನನ್ನ ಹಿಂದೆ ನಾಲ್ಕು ಜನ ಹೆಂಗಸರು ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ಅವರಲ್ಲಿ ಚಿಕ್ಕವಳು ಕಸ್ತೂರಿ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಣ್ಣಾರು ಹಿಡದ್ರ ಜೀವಾ ಬರ್ತೈತಿ, ಬಿಟ್ರ ಹೆಣಾ ಆಗ್ತೈತಿ. ಇದನ್ನ ಲಗ್ನಾ ಮಾಡ್ಕೊಂಡ್ಬಿಡ್ರಿ ಅಣ್ಣಾರ!"

"ಏ, ಬಿಡ್ತು ಅನ್ನ!" ಎಂದು ರೊಟ್ಟಿ ಕೇಂದ್ರದ ಒಡತಿ ಶರಣಮ್ಮ ಗದರಿದರು. "ಕುಬಸದ ಊಟದ ಕೆಲಸ ನಡದೈತಿ. ಹೆಣಾ ಗಿಣಾ ಅಂತಾಳ."

ನನಗೆ ಮೈಯೆಲ್ಲಾ ಜುಮ್ ಎನ್ನುತ್ತಿತ್ತು. ಬೆಳಗ್ಗೆಯಿಂದ ಒದ್ದಾಡಿದ ಮೇಲೆ ಮೊದಲ ಸಲ ಕಾಯಿಲೆ ಕೈಗೆ ಸಿಕ್ಕಿತ್ತು. ಒಮ್ಮೊಮ್ಮೆ ಕೆಡುತ್ತದೆ, ಒಮ್ಮೊಮ್ಮೆ ಸರಿ ಇರುತ್ತದೆ ಎನ್ನುವ ಮಷಿನ್ನನ್ನು ರಿಪೇರಿ ಮಾಡುವುದು ಬಹಳ ಕಷ್ಟ. ಹೀಗೆ ಮಾಡಿದರೆ ಹೀಗೇ ಆಗುತ್ತದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲಿಂದ ಹೇಳುತ್ತೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಇದು ಹೋದ ವರ್ಷದ ಮಾತು. ನಾನು ಆಗ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮುರಳಿ ಸಾರ್ ಅವರ ವರ್ಕ್‌ಶಾಪಿನಲ್ಲಿ ಸರ್ವಿಸ್ ಕೆಲಸ ಮಾಡುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ನಮ್ಮ ಮನೆ ಬೆಂಗಳೂರಿನ ಉಲ್ಲಾಳದಲ್ಲಿ. ಹತ್ತನೇ ಕ್ಲಾಸು ಫೇಲು. ಅದಾದ ಮೇಲೆ ವಿಜಯನಗರದಲ್ಲಿ ನಾಲ್ಕು ವರ್ಷ ಮೊಬೈಲ್ ರಿಪೇರಿ ಮಾಡಿದೆ. ಒಂದು ಸಲ ಮುರಳಿ ಸಾರ್ ತಮ್ಮ ಫೋನ್ ರಿಪೇರಿಗೆ ತಂದರು. ನಾನು ಬೆಸುಗೆ ಹಾಕುವುದನ್ನು ನೋಡುತ್ತಾ ನಿಂತರು. "ಕೈ ಚೆನ್ನಾಗಿದೆ ಕಣೋ, ನಮ್ಮಲ್ಲಿಗೆ ಬಾ," ಎಂದರು. ಹೋದೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎನ್ನುವ ಸಾಫ್ಟ್‌ವೇರ್ ಕಲಿತಿದ್ದು ಅಲ್ಲೇ. ಇಂಗ್ಲಿಷ್ ಬರದಿದ್ದರೂ ಎರರ್ ಬಂದಾಗ ಯಾವ ಸಾಲು ನೋಡಬೇಕು ಎನ್ನುವುದು ಗೊತ್ತಾಗುತ್ತದೆ, ಅಷ್ಟು ಸಾಕು.

ನಾವು ಸಣ್ಣ ಸಣ್ಣ ಮಷಿನ್‌ಗಳಿಗೆ ಕಂಟ್ರೋಲ್ ಬಾಕ್ಸ್ ಮಾಡಿಕೊಡುತ್ತೇವೆ. ಬಾಕ್ಸಿನ ಒಳಗೆ ಅಂಗೈ ಅಗಲದ ಒಂದು ಬೋರ್ಡು. ಅದೇ ಪೂರ್ತಿ ಕಂಪ್ಯೂಟರ್. ಅದರಲ್ಲಿರುವುದು ರಿಸ್ಕ್-ಫೈವ್ ಚಿಪ್ಪು. ಚಿಪ್ಪುಗಳಿಗೂ ಒಂದೊಂದು ಭಾಷೆ ಇರುತ್ತದೆ. ಲ್ಯಾಪ್‌ಟಾಪಿನದು ಒಂದು, ಮೊಬೈಲಿನದು ಇನ್ನೊಂದು. ಆ ಭಾಷೆಗಳಿಗೆ ಒಡೆಯರಿದ್ದಾರೆ, ಚಿಪ್ ಮಾಡುವವರು ಅವರನ್ನು ಕೇಳಿಯೇ ಮಾಡಬೇಕು. ರಿಸ್ಕ್-ಫೈವ್‌ಗೆ ಒಡೆಯರಿಲ್ಲ, ಯಾರು ಬೇಕಾದರೂ ಮಾಡಬಹುದು. ಮುರಳಿ ಸಾರ್‌ಗೆ ಅದರ ಮೇಲೆ ಬಹಳ ಪ್ರೀತಿ. ಸರ್ವಿಸ್ ಮಾಡುವವನಿಗೆ ಮಾತ್ರ ತಲೆನೋವು. ಹಳೆಯ ಬೋರ್ಡು ಕೆಟ್ಟರೆ ಇಂಟರ್ನೆಟ್‌ನಲ್ಲಿ ಸಾವಿರ ಜನ ಉತ್ತರ ಕೊಟ್ಟಿರುತ್ತಾರೆ. ಇದು ಕೆಟ್ಟರೆ, ನನ್ನ ಹಾಗೇ ಎಲ್ಲೋ ಸಿಕ್ಕಿಹಾಕಿಕೊಂಡ ಇಬ್ಬರು ಮೂವರು ಪ್ರಶ್ನೆ ಕೇಳಿರುತ್ತಾರೆ. ಉತ್ತರ ಇರುವುದಿಲ್ಲ.

ಅತ್ತಿಗುಪ್ಪೆಯಲ್ಲಿ ಶರಣಮ್ಮನವರ ರೊಟ್ಟಿ ಕೇಂದ್ರ ಇದೆ. ಬಾಗಲಕೋಟೆ ಕಡೆಯವರು. ಬೆಂಗಳೂರಿಗೆ ಬಂದು ಎಂಟು ವರ್ಷ ಕೈಯಲ್ಲೇ ಜೋಳದ ರೊಟ್ಟಿ ಬಡಿದು ಮಾರಿದವರು. ಮಣಿಕಟ್ಟು ನೋವು ಹೆಚ್ಚಾದ ಮೇಲೆ ಮಷಿನ್ ತರಿಸಿದರು. ಹಿಟ್ಟಿನ ಉಂಡೆ ಇಟ್ಟರೆ ಒತ್ತುತ್ತದೆ, ಬೆಲ್ಟಿನ ಮೇಲೆ ಸಾಗಿಸುತ್ತದೆ, ಆರು ಕಾದ ಹಂಚುಗಳ ಮೇಲೆ ಬೇಯಿಸುತ್ತದೆ. ಗಂಟೆಗೆ ಮುನ್ನೂರು ರೊಟ್ಟಿ. ಹಂಚಿನ ಬಿಸಿ ನೋಡಿ ಗ್ಯಾಸ್ ಹೆಚ್ಚು ಕಡಿಮೆ ಮಾಡುವುದು, ಬೆಲ್ಟ್ ಓಡಿಸುವುದು ನಮ್ಮ ಬೋರ್ಡಿನ ಕೆಲಸ. ಮೇಲೆ ಒಂದು ಟಚ್ ಸ್ಕ್ರೀನ್, ಅದರ ಕೆಳಗೆ ತಗಡಿನ ಬಾಕ್ಸು, ಬಾಕ್ಸಿನೊಳಗೆ ಬೋರ್ಡು. ಮಷಿನ್‌ಗೆ ಬರದ ಕೆಲಸ ಒಂದೇ. ಜೋಳದ ರೊಟ್ಟಿ ಹಂಚಿಗೆ ಬಿದ್ದ ತಕ್ಷಣ ಅದರ ಮೇಲೆ ನೀರು ಸವರಬೇಕು, ಇಲ್ಲದಿದ್ದರೆ ಒಣಹಿಟ್ಟು ಉಳಿದು ರೊಟ್ಟಿ ಬಿರುಕು ಬಿಡುತ್ತದೆ. ಅದಕ್ಕೆ ಒಬ್ಬರು ನೀರಿನ ಬೋಗುಣಿ, ಒದ್ದೆ ಬಟ್ಟೆ ಇಟ್ಟುಕೊಂಡು ಪಕ್ಕದಲ್ಲೇ ನಿಲ್ಲುತ್ತಾರೆ.

ನಾನೇ ಹೋಗಿ ಬಾಕ್ಸು ಕೂರಿಸಿ ಬಂದಿದ್ದೆ. ಒಂದು ತಿಂಗಳು ಚೆನ್ನಾಗಿ ಓಡಿತು. ನಡುವೆ ಒಂದು ದಿನ ಹೋಗಿ ಹೊಸ ಲಿನಕ್ಸ್ ತುಂಬಿದ ಮೆಮೊರಿ ಕಾರ್ಡ್ ಹಾಕಿದ್ದೆ. ಅದಾಗಿ ಹತ್ತನೇ ದಿನ ಈ ಕಥೆ.

ಬೆಳಗ್ಗೆ ಎಂಟೂವರೆಗೆ ಕರೆಂಟ್ ಹೋಗಿ ಬಂತು. ಮಷಿನ್ ಏಳಲಿಲ್ಲ. ಒಂಬತ್ತೂಕಾಲಿಗೆ ನಾನು ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಶರಣಮ್ಮ ಬಾಗಿಲಲ್ಲೇ ನಿಂತಿದ್ದರು.

"ಬಂದ್ಯಾ ತಮ್ಮಾ? ಇವತ್ತ ಮಾತ್ರ ಕೈ ಬಿಡಬ್ಯಾಡ. ರಾಜರಾಜೇಶ್ವರಿನಗರದಾಗ ನಮ್ಮ ಊರ ಕಡೆ ಹೆಣ್ಮಗಳದ ಕುಬಸ ಐತಿ. ಚೊಚ್ಚಲ ಬಸುರಿ. ಸಾವಿರದ ಇನ್ನೂರ ಮೆತ್ತನ ರೊಟ್ಟಿ. ಐದಕ್ಕ ಗಾಡಿ ಬರ್ತೈತಿ."

ಕುಬಸ ಎಂದರೆ ನಮ್ಮ ಕಡೆ ಸೀಮಂತ. ಕಡಕ್ ರೊಟ್ಟಿಯಾದರೆ ವಾರದ ಮುಂಚೆಯೇ ಮಾಡಿ ಡಬ್ಬಿಯಲ್ಲಿ ಇಡಬಹುದು. ಮೆತ್ತನೆಯ ರೊಟ್ಟಿಯನ್ನು ಅವತ್ತೇ ಮಾಡಬೇಕು.

"ಕೈಯಲ್ಲಿ ಮಾಡಿದ್ರೆ?" ಎಂದು ಕೇಳಿದೆ.

"ಎರಡ ಒಲಿ ಅದಾವ. ನಾಕ ಮಂದಿ ಜೀವಾ ತೇಯ್ದ್ರೂ ತಾಸಿಗೆ ನೂರ ದಾಟಂಗಿಲ್ಲ. ಅದೂ ನನ್ನ ಕೈ ನೆಟ್ಟಗಿದ್ರ."

ಲೆಕ್ಕ ನನಗೂ ಗೊತ್ತಾಯಿತು. ಮಷಿನ್ ಓಡಬೇಕು. ಬೇರೆ ದಾರಿ ಇಲ್ಲ.

ಬಾಕ್ಸು ತೆರೆದೆ. ಬೋರ್ಡಿನ ಕೆಂಪು ದೀಪ ಉರಿಯುತ್ತಿತ್ತು. ಮೀಟರ್ ಇಟ್ಟೆ, ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು. ಆದರೆ ಸ್ಕ್ರೀನ್ ಕಪ್ಪು. ನನ್ನ ತಲೆಗೆ ಹೊಳೆದಿದ್ದು ಒಂದೇ, ನಾನು ಹಾಕಿದ ಹೊಸ ಲಿನಕ್ಸ್ ಕೈ ಕೊಟ್ಟಿದೆ. ಹತ್ತು ದಿನದಿಂದ ಬೋರ್ಡು ಆಫ್ ಆಗಿಯೇ ಇರಲಿಲ್ಲ, ಇವತ್ತೇ ಮೊದಲ ಸಲ ಆಫ್ ಆಗಿ ಆನ್ ಆಗಿದ್ದು. ಮುರಳಿ ಸಾರ್‌ಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು.

"ನಿನ್ ಹೊಸಾ ಕಾರ್ಡೇ ಕಣೋ. ಚೆನ್ನಾಗ್ ಓಡ್ತಿರೋದನ್ನ ಮುಟ್ಟಬೇಡ ಅಂದ್ರೆ ಕೇಳಲ್ಲ ನೀನು."

"ಮುಟ್ಟು ಅಂದಿದ್ದು ನೀವೇ ಸಾರ್."

"ಸರಿ ಸರಿ, ಹಳೇದು ಹಾಕ್ ನೋಡು."

ಹಳೆಯ ಲಿನಕ್ಸ್ ಹಾಕಿದೆ. ಕಪ್ಪು. ಬೇರೆ ಕಾರ್ಡಿಗೆ ತುಂಬಿಸಿ ಹಾಕಿದೆ. ಕಪ್ಪು. ನನ್ನ ಲ್ಯಾಪ್‌ಟಾಪ್ ಮುದಿಯಾಗಿದೆ, ಒಂದು ಕಾರ್ಡ್ ತುಂಬಿಸಲು ಅರ್ಧ ಗಂಟೆ ತಿನ್ನುತ್ತದೆ. ಪವರ್ ಸಪ್ಲೈ ಬದಲಿಸಿದೆ. ಕಪ್ಪು. ಇದು ಮೊಬೈಲ್ ರಿಪೇರಿಯವರ ಬುದ್ಧಿ. ಏನಾಗಿದೆ ಎಂದು ನೋಡುವ ಮೊದಲೇ ಪಾರ್ಟ್ ಬದಲಿಸುತ್ತಾ ಹೋಗುವುದು. ಹನ್ನೊಂದೂವರೆಯಾಯಿತು. ಶರಣಮ್ಮ ಕಲಸಿಟ್ಟ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊಚ್ಚಿ, ಇಬ್ಬರನ್ನು ಒಲೆಯ ಮುಂದೆ ಕೂರಿಸಿದರು. ಟಪ ಟಪ ಎಂದು ರೊಟ್ಟಿ ಬಡಿಯುವ ಸದ್ದು ಕೇಳಿ ನನಗೆ ನಾಚಿಕೆಯಾಯಿತು.

ಆಗ ಮುರಳಿ ಸಾರ್ ಫೋನ್ ಮಾಡಿ ಒಂದೇ ಮಾತು ಕೇಳಿದರು. "ಲೋ, ಸೀರಿಯಲ್ ಹಾಕಿ ನೋಡಿದ್ಯೇನೋ?"

ನೋಡಿರಲಿಲ್ಲ. ಕೇಬಲ್ ಬ್ಯಾಗಿನ ತಳದಲ್ಲಿ ಸ್ಕ್ರೂ ಡಬ್ಬಿಯ ಕೆಳಗೆ ಬಿದ್ದಿತ್ತು.

ಸೀರಿಯಲ್ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಲಿನಕ್ಸ್ ಏಳುವ ತನಕ ಸ್ಕ್ರೀನಿಗೆ ಏನೂ ಬರುವುದಿಲ್ಲ. ಆದರೆ ಬೋರ್ಡಿನ ಅಂಚಿನಲ್ಲಿ ಸೂಜಿಯಂತಹ ಪಿನ್ನುಗಳ ಸಾಲು ಇರುತ್ತದೆ. ಅದರಲ್ಲಿ ಅಕ್ಕಪಕ್ಕದ ಮೂರು ಪಿನ್ನು ಮುಖ್ಯ. ಒಂದು ಬೋರ್ಡಿನ ಬಾಯಿ, ಒಂದು ಕಿವಿ, ಒಂದು ಇಬ್ಬರಿಗೂ ಸೇರಿದ ಗ್ರೌಂಡ್. ಇವಕ್ಕೆ ಮೂರು ತಂತಿಯ ಕೇಬಲ್ ಚುಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದರೆ, ಬೋರ್ಡು ಎದ್ದ ಕ್ಷಣದಿಂದ ಏನೇನು ಮಾಡುತ್ತಿದೆ ಎಂದು ತಾನೇ ಸಾಲು ಸಾಲಾಗಿ ಹೇಳುತ್ತದೆ. ನಾವೂ ಟೈಪ್ ಮಾಡಿ ಉತ್ತರ ಕೊಡಬಹುದು.

ಮೂರೂ ತಂತಿ ಚುಚ್ಚಿದೆ. ಸ್ವಿಚ್ ಹಾಕಿದೆ. ಸರಸರ ಅಕ್ಷರ ಬಂತು, ಲಿನಕ್ಸ್ ಎದ್ದಿತು, ಸ್ಕ್ರೀನ್ ಬೆಳಗಿತು. ಯಾವ ತಪ್ಪೂ ಇಲ್ಲ. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ!

"ಬಂತು ಅಕ್ಕಾ, ಬಂತು!" ಎಂದು ಕೂಗಿ ನಾನೇ ಸ್ಟಾರ್ಟ್ ಒತ್ತಿದೆ. ಹಂಚು ಕಾಯಿತು, ಬೆಲ್ಟ್ ಓಡಿತು. ಕೊನೆಗೆ ಹಾಕಿದ ಕಾರ್ಡಿನಿಂದ ಸರಿಯಾಯಿತು ಎಂದುಕೊಂಡೆ. ಕೇಬಲ್ ಕಿತ್ತೆ, ಬಾಕ್ಸು ಮುಚ್ಚಿದೆ, ಕಸ್ತೂರಿ ಕೊಟ್ಟ ಬಿಸಿ ರೊಟ್ಟಿಯನ್ನು ಶೇಂಗಾ ಚಟ್ನಿಯಲ್ಲಿ ತಿಂದೆ, ಹೊರಟೆ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ ಹತ್ತಿರ ಸಿಗ್ನಲ್‌ನಲ್ಲಿ ನಿಂತಿದ್ದಾಗಲೇ ಕಸ್ತೂರಿಯ ಫೋನ್ ಬಂತು.

"ಅಣ್ಣಾರ, ಕರೆಂಟ್ ಹೋಗಿ ಬಂತು. ನಿಮ್ಮ ಮಷಿನ್ ಮತ್ತ ಮಕ್ಕೊಂಡೈತಿ."

ತಿರುಗಿಸಿದೆ. ಬಂದು ಕೇಬಲ್ ಚುಚ್ಚಿ ಆನ್ ಮಾಡಿದೆ. ಎದ್ದಿತು. ಆಗ ಕೇಬಲ್ ಮೇಲೆ ಅನುಮಾನ ಬಂತು. ಮುರಳಿ ಸಾರ್‌ಗೆ ಹೇಳಿದರೆ ನಕ್ಕರು.

"ಹೋಗ್ಲಿ ಬಿಡೋ, ಇವತ್ತು ಕೇಬಲ್ ಚುಚ್ಕೊಂಡೇ ಓಡ್ಸು. ನಾಳೆ ನೋಡೋಣ."

ಅದೇ ಸುಲಭ ಎಂದುಕೊಂಡು ಕೂತೆ. ಆಗಲಿಲ್ಲ. ಅವತ್ತು ರಸ್ತೆಯಲ್ಲಿ ಗುಂಡಿ ತೋಡಿ ಲೈನಿನ ಕೆಲಸ ಮಾಡುತ್ತಿದ್ದರು. ಕರೆಂಟ್ ಹೋಗುವುದು, ಎರಡು ನಿಮಿಷಕ್ಕೆ ಬರುವುದು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಒಂದು ವರ್ಷ. ಕರೆಂಟ್ ಹೋದರೆ ಅದೂ ಆಫ್. ಕರೆಂಟ್ ಬಂದಾಗ ಬೋರ್ಡು ಮೊದಲು ಏಳಲು ನೋಡುತ್ತದೆ, ಕೇಬಲ್‌ನಲ್ಲಿ ಜೀವ ಇರುವುದಿಲ್ಲ, ಅದೂ ಸಾಯುತ್ತದೆ. ನಾನು ಲ್ಯಾಪ್‌ಟಾಪ್ ಎಬ್ಬಿಸಿ, ಆಮೇಲೆ ಬೋರ್ಡ್ ಎಬ್ಬಿಸಿ, ಹಂಚು ಮತ್ತೆ ಕಾಯುವ ಹೊತ್ತಿಗೆ ಹತ್ತು ನಿಮಿಷ. ಅಷ್ಟರಲ್ಲಿ ಬೆಲ್ಟಿನ ಮೇಲಿದ್ದ ಜೋಳದ ಹಿಟ್ಟು ಒಣಗಿ ಸೀಳುತ್ತಿತ್ತು. ಶರಣಮ್ಮ ಅದನ್ನೆಲ್ಲಾ ಎತ್ತಿ ಹಾಕಿ ಹೊಸದಾಗಿ ಶುರು ಮಾಡುತ್ತಿದ್ದರು. ಒಂದು ಗಂಟೆಯಲ್ಲಿ ಹೀಗೆ ಮೂರು ಸಲ ಆಯಿತು.

ಒಂದೂವರೆಗೆ ಎಣಿಸಿದರು. ಮಷಿನ್‌ನಿಂದ ಬಂದಿದ್ದು ಇನ್ನೂರ ಹತ್ತು.

ನಾನು ಎದ್ದು ಹೇಳಿದೆ. "ಅಕ್ಕಾ, ಹಿಂಗೆ ಕುಂಟ್ಕೊಂಡು ಹೋದ್ರೆ ಐದಕ್ಕೆ ಆಗಲ್ಲ. ಪೂರ್ತಿ ನಿಲ್ಲಿಸ್ತೀನಿ. ಹದಿನೈದು ನಿಮಿಷ ಕೊಡಿ. ಸಿಕ್ಕರೆ ಸಿಕ್ತು."

"ಸಿಗ್ಲಿಲ್ಲಂದ್ರ?"

"ಸಿಗ್ಲಿಲ್ಲ ಅಂದ್ರೆ ನಾನೂ ಕೂತು ರೊಟ್ಟಿ ಬಡೀತೀನಿ."

"ನೀವ ಬಡದಿದ್ದ ರೊಟ್ಟಿ ನಾಯಿನೂ ಮೂಸಂಗಿಲ್ಲ," ಎಂದಳು ಕಸ್ತೂರಿ.

ಶರಣಮ್ಮ ನಗಲಿಲ್ಲ. ನನ್ನ ಮುಖ ನೋಡಿದರು. "ಬಸುರಿ ಹೆಣ್ಮಗಳ ಎಲಿಗೆ ರೊಟ್ಟಿ ಇಲ್ಲಂತ ಹೇಳೂದು ನನ್ನ ಬಾಯಿಲೆ ಆಗಂಗಿಲ್ಲ ತಮ್ಮಾ. ನಿಲ್ಸು. ಗಡಿಯಾರ ನಾ ನೋಡ್ತೀನಿ."

ನಿಲ್ಲಿಸಿದೆ. ಆಗ ಮಾಡಿದ್ದೇ ನಾನು ಮೊದಲು ಹೇಳಿದ ಆಟ. ಚುಚ್ಚಿದರೆ ಏಳುತ್ತದೆ, ಕಿತ್ತರೆ ಸಾಯುತ್ತದೆ. ಎರಡೆರಡು ಸಲ ಮಾಡಿ ಖಾತ್ರಿ ಮಾಡಿಕೊಂಡೆ. ಒಂದು ಸಲವೂ ತಪ್ಪಲಿಲ್ಲ. ಅಂದರೆ ಕಾರ್ಡಿನ ತಪ್ಪಲ್ಲ, ಲಿನಕ್ಸಿನ ತಪ್ಪಲ್ಲ. ಕೇಬಲ್ ಏನೋ ಸಹಾಯ ಮಾಡುತ್ತಿದೆ. ಏನು?

ಕಷ್ಟ ಎಂದರೆ, ಬೋರ್ಡು ಸಾಯುವುದನ್ನು ನೋಡಲು ಕೇಬಲ್ ಬೇಕು. ಕೇಬಲ್ ಹಾಕಿದರೆ ಅದು ಸಾಯುವುದೇ ಇಲ್ಲ.

ಕೇಬಲ್‌ನಲ್ಲಿ ಇರುವುದೇ ಮೂರು ತಂತಿ. ಒಂದೊಂದೇ ಕಿತ್ತು ನೋಡೋಣ ಎಂದುಕೊಂಡೆ. ಬೋರ್ಡಿನ ಬಾಯಿಯ ತಂತಿ ಬಿಟ್ಟು ಆನ್ ಮಾಡಿದೆ. ಎದ್ದಿತು. ಅದನ್ನು ಮತ್ತೆ ಹಾಕಿ, ಕಿವಿಯ ತಂತಿ ಬಿಟ್ಟೆ. ಈಗ ನಾನು ಬೋರ್ಡಿನ ಮಾತು ಕೇಳಬಹುದು, ಅದಕ್ಕೆ ನನ್ನ ಕಡೆಯಿಂದ ಏನೂ ಹೋಗುವುದಿಲ್ಲ. ಸ್ವಿಚ್ ಹಾಕಿದೆ.

ಲ್ಯಾಪ್‌ಟಾಪ್ ತುಂಬಾ ಹುಚ್ಚು ಹಿಡಿದ ಹಾಗೆ ಅಕ್ಷರ! ಅನ್‌ನೋನ್ ಕಮಾಂಡ್, ಅನ್‌ನೋನ್ ಕಮಾಂಡ್, ಅನ್‌ನೋನ್ ಕಮಾಂಡ್. ನಿಲ್ಲುವುದೇ ಇಲ್ಲ. ನಾನು ಒಂದು ಅಕ್ಷರವನ್ನೂ ಒತ್ತಿಲ್ಲ. ಒತ್ತಿದರೂ ಹೋಗಲು ತಂತಿಯೇ ಇಲ್ಲ. ಆದರೂ ಬೋರ್ಡು ಯಾರಿಗೋ ಉತ್ತರ ಕೊಡುತ್ತಿದೆ.

ನಾನು ಕುಣಿದೇ ಬಿಟ್ಟೆ. "ಸಿಕ್ತು! ಸಿಕ್ತು! ನೋಡ್ರಿ ಇಲ್ಲಿ!"

"ಏನ್ ಸಿಕ್ತ?" ಎಂದು ಎಲ್ಲರೂ ಬಗ್ಗಿ ನೋಡಿದರು.

"ಇದು ತನ್ನ ಮಾತು ತಾನೇ ಕೇಳ್ಕೊಂಡು, ತಾನೇ ಉತ್ರ ಕೊಡ್ತಾ ಇದೆ!"

"ನಮ್ಮ ಅತ್ತಿಹಂಗ," ಎಂದಳು ಕಸ್ತೂರಿ.

ಆದದ್ದು ಇಷ್ಟು. ಲಿನಕ್ಸ್‌ಗಿಂತ ಮೊದಲು ಏಳುವುದು ಯು-ಬೂಟ್ ಎನ್ನುವ ಪುಟ್ಟ ಪ್ರೋಗ್ರಾಂ. ಲಿನಕ್ಸನ್ನು ಎಬ್ಬಿಸುವುದು ಅದರ ಕೆಲಸ. ಎಬ್ಬಿಸುವ ಮೊದಲು ಅದು ಎರಡು ಸೆಕೆಂಡ್ ಕಾಯುತ್ತದೆ. ನನ್ನಂಥ ರಿಪೇರಿಯವನು ಯಾರಾದರೂ ಕೀ ಒತ್ತಿ ತಡೆಯುತ್ತಾನೇನೋ ಎಂದು ಕಿವಿಗೊಟ್ಟು ಕೇಳುತ್ತದೆ. ಯಾರೂ ಒತ್ತದಿದ್ದರೆ ಮುಂದೆ ಹೋಗುತ್ತದೆ. ಏನಾದರೂ ಕೇಳಿಸಿದರೆ ನಿಂತು, ಹೇಳಿ ಸ್ವಾಮಿ ಏನು ಮಾಡಲಿ ಎಂದು ಕಾಯುತ್ತದೆ. ಇಲ್ಲಿ ಬೋರ್ಡಿನ ಬಾಯಿಯ ಮಾತು ಹೇಗೋ ಅದರ ಕಿವಿಗೇ ಸೋರುತ್ತಿತ್ತು. ಯಾರೋ ಕೀ ಒತ್ತಿದರು ಎಂದುಕೊಂಡು ಅದು ನಿಂತುಬಿಡುತ್ತಿತ್ತು. ನನ್ನ ಕೇಬಲ್ ಚುಚ್ಚಿದಾಗ ಅದರ ಒಂದು ತಂತಿ ಬೋರ್ಡಿನ ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಆ ಸೋರಿಕೆಗೆ ಇದನ್ನು ಮೀರುವ ಶಕ್ತಿ ಇರಲಿಲ್ಲ. ಹಾಗಾಗಿ ಎಲ್ಲಾ ಸರಿ. ಹತ್ತು ದಿನದ ಹಿಂದೆ ಕಾರ್ಡ್ ಬದಲಿಸಿದಾಗಲೂ ನಾನು ಕೇಬಲ್ ಹಾಕಿಕೊಂಡೇ ಟೆಸ್ಟ್ ಮಾಡಿದ್ದೆ!

ಬಾಯಿಗೂ ಕಿವಿಗೂ ನಡುವೆ ಏನಿದೆ? ಕರೆಂಟ್ ತೆಗೆದು, ಮೊಬೈಲ್ ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದು ನೋಡಿದೆ. ಪಿನ್ನುಗಳ ಬುಡದಲ್ಲಿ ಬೆಳ್ಳಗೆ ತೆಳುವಾದ ಪೊರೆ. ಉಗುರಿನಿಂದ ಕೆರೆದೆ. ಅಂಟು ಅಂಟು. ಮೂಸಿದೆ. ಹುಳಿ ವಾಸನೆ. ಜೋಳದ ಹಿಟ್ಟಿನ ಗಂಜಿ.

"ಬಾಕ್ಸಿಗೆ ನೀರು ಯಾರು ಹಾಕಿದ್ದು?" ನನ್ನ ದನಿ ಜೋರಾಯಿತು.

"ಯಾರೂ ಹಾಕಿಲ್ಲಪ," ಎಂದರು ಶರಣಮ್ಮ.

"ತೊಳೆಯೋವಾಗ?"

"ಮಷಿನ್‌ಗೆ ಒಣಾ ಬಟ್ಟೀನ ಹಚ್ತೀವಿ. ನೀನ ಹೇಳಿದ್ಯಲ್ಲ. ಆ ಬಾಕ್ಸಿನ ಕಡೆ ಒಂದ ಹನಿ ಬಿಟ್ಟಿಲ್ಲ."

ಅವರು ಸುಳ್ಳು ಹೇಳುವ ಪೈಕಿ ಅಲ್ಲ. ಆದರೆ ಗಂಜಿ ಆಕಾಶದಿಂದ ಬೀಳುವುದಿಲ್ಲ. ಅದನ್ನು ಆಮೇಲೆ ನೋಡೋಣ ಎಂದು ಮೊದಲು ಕ್ಲೀನ್ ಮಾಡಿದೆ. ಮೊಬೈಲ್ ಅಂಗಡಿಯಲ್ಲಿ ಬೋರ್ಡು ತೊಳೆಯುವ ಸ್ಪಿರಿಟ್ ಬಾಟಲಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ, ಆರಲು ಬಿಟ್ಟೆ. ಕೇಬಲ್ ಇಲ್ಲದೆ ಆನ್ ಮಾಡಿದೆ. ಎದ್ದಿತು! ಆಫ್ ಮಾಡಿ ಆನ್ ಮಾಡಿದೆ. ಎದ್ದಿತು! ಮೂರನೇ ಸಲ. ಎದ್ದಿತು! ಕಸ್ತೂರಿ ಚಪ್ಪಾಳೆ ಹೊಡೆದಳು, ಹಿಟ್ಟು ಗಾಳಿಗೆ ಹಾರಿತು.

ಅಷ್ಟಕ್ಕೇ ಬಿಡಲಿಲ್ಲ. ಕೇಬಲ್ ಹಾಕಿ ಯು-ಬೂಟ್‌ನಲ್ಲಿ ಒಂದು ಸಾಲು ಬರೆದೆ. ಎಷ್ಟು ಸೆಕೆಂಡ್ ಕಾಯಬೇಕು ಎನ್ನುವ ಜಾಗದಲ್ಲಿ ಎರಡು ಎಂದಿತ್ತು, ಅದನ್ನು ಮೈನಸ್ ಎರಡು ಮಾಡಿ ಸೇವ್ ಮಾಡಿದೆ. ಮೈನಸ್ ಎರಡು ಎಂದರೆ ಕಾಯಬೇಡ, ಕೇಳಲೂ ಬೇಡ, ಯಾರು ಏನೇ ಅಂದರೂ ಸೀದಾ ಲಿನಕ್ಸ್ ಎಬ್ಬಿಸು ಎಂದು ಅರ್ಥ. ಇನ್ನು ಗಂಜಿ ಮತ್ತೆ ಬಿದ್ದರೂ ಏಳುತ್ತದೆ.

"ಎಷ್ಟಾಯ್ತು ಅಕ್ಕಾ?"

"ಹದಿನೈದಂದಿ. ಮೂವತ್ತೈದ ಆತು."

ಆಗ ಗಂಟೆ ಎರಡು ದಾಟಿ ಐದು ನಿಮಿಷ. ವೈರು ಬಿಗಿಯುತ್ತಿದ್ದ ನನ್ನ ಎರಡು ಕೈಯೂ ಬಾಕ್ಸಿನೊಳಗೆ, ಬಾಯಲ್ಲಿ ಟೇಪು. "ನೀವೇ ಸ್ಟಾರ್ಟ್ ಒತ್ತಿ," ಎಂದೆ.

ಶರಣಮ್ಮ ಬಂದರು. ಸೆರಗು ಸಿಕ್ಕಿಸಿಕೊಂಡರು. ಪಕ್ಕದಲ್ಲಿದ್ದ ನೀರಿನ ಬೋಗುಣಿಯಲ್ಲಿ ಬೆರಳು ಅದ್ದಿದರು. ಒದ್ದೆ ಬೆರಳಿನಿಂದ ಸ್ಕ್ರೀನ್ ಒತ್ತಿದರು.

ಬೆಲ್ಟ್ ಓಡಿತು. ಬೆರಳಿನ ಹಿಟ್ಟು ಬೆರೆತ ಒಂದು ಬಿಳಿ ಹನಿ ಸ್ಕ್ರೀನಿನ ಮೇಲೆ ಜಾರಿತು. ಅಂಚಿಗೆ ಬಂತು. ಸ್ಕ್ರೀನಿನ ಹಿಂಬದಿಗೆ ಇಳಿಯಿತು. ಸ್ಕ್ರೀನಿನಿಂದ ಬಾಕ್ಸಿಗೆ ಇಳಿಯುವ ವೈರನ್ನು ಹಿಡಿದು, ತೂತಿನ ಮೂಲಕ ಒಳಗೆ ಬಂದು, ನನ್ನ ಕಣ್ಣ ಮುಂದೆಯೇ ಪಿನ್ನುಗಳ ಪಕ್ಕ ಬಿತ್ತು.

ಟೇಪ್ ಉಗುಳಿ ಕಿರುಚಿದೆ. "ಅಕ್ಕಾ! ಏನ್ ಮಾಡಿದ್ರಿ!"

"ಯಾಕ್ ಚೀರ್ತಿ? ನೀನ ಒತ್ತಂದಿ, ಒತ್ತಿದೆ."

"ನೀರು ಹಾಕಿಲ್ಲ ಅಂದ್ರಲ್ಲಾ!"

"ನೀರ ಎಲ್ಲಿ ಹಾಕೀನಿ? ಬೆರಳಿಗೆ ಹಚ್ಚಿಕೊಂಡೀನಿ. ಒಣಾ ಬೆರಳಿನ ಮಾತ ಅದು ಕೇಳಂಗಿಲ್ಲ ತಮ್ಮಾ. ಮೊದಲನೇ ದಿನದಿಂದ ಹಂಗ ಐತಿ."

"ಎಲ್ರೂ ಹಿಂಗೇ ಒತ್ತೋದಾ?"

"ಮತ್ತ? ದಿನಾ ನಲವತ್ತ ಸಲ," ಎಂದಳು ಕಸ್ತೂರಿ.

ಶರಣಮ್ಮ ಬೆರಳು ಒರೆಸಿಕೊಂಡು ಒಣಗಿದ ಬೆರಳಿನಿಂದ ಒತ್ತಿ ತೋರಿಸಿದರು. ಸ್ಕ್ರೀನ್ ಅಲುಗಲಿಲ್ಲ. ಇನ್ನೊಂದು ಸಲ. ಅಲುಗಲಿಲ್ಲ. ನಾನು ಅವರ ಕೈ ಹಿಡಿದು ಬೆರಳ ತುದಿ ಮುಟ್ಟಿ ನೋಡಿದೆ. ಚಪ್ಪಲಿಯ ಅಟ್ಟೆಯ ಹಾಗಿತ್ತು. ಚಿಕ್ಕ ವಯಸ್ಸಿನಿಂದ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು, ಅದರ ಮೇಲೆ ಒಣಹಿಟ್ಟು. ಈ ಸ್ಕ್ರೀನು ಚರ್ಮದಲ್ಲಿರುವ ಪಸೆಯಿಂದ ಬೆರಳನ್ನು ಗುರುತಿಸುತ್ತದೆ. ಇವರ ಬೆರಳು ಅದರ ಲೆಕ್ಕಕ್ಕೆ ಕಟ್ಟಿಗೆ. ರೊಟ್ಟಿಗೆ ನೀರು ಸವರಿ ಅಭ್ಯಾಸ ಇದ್ದವರು, ಸ್ಕ್ರೀನಿಗೂ ಅದನ್ನೇ ಮಾಡಿದರು. ಕೆಲಸ ನಡೆಯಿತು. ಇದನ್ಯಾಕೆ ಯಾರಿಗಾದರೂ ಹೇಳಬೇಕು?

ತಪ್ಪು ಯಾರದು ಎಂದು ನನಗೆ ಆಗಲೇ ಗೊತ್ತಾಯಿತು. ಬಾಕ್ಸು ಕೂರಿಸಿದ ದಿನ ಇವರನ್ನೆಲ್ಲಾ ಸಾಲಾಗಿ ನಿಲ್ಲಿಸಿ, ಇದು ಸ್ಟಾರ್ಟು, ಇದು ಸ್ಟಾಪು ಎಂದು ನಾನೇ ಒತ್ತಿ ತೋರಿಸಿದ್ದೆ. ಗೊತ್ತಾಯ್ತಾ ಎಂದು ಕೇಳಿದೆ. ಹೂಂ ಎಂದರು. ಬಂದುಬಿಟ್ಟೆ. ಇವತ್ತು ಬೆಳಗ್ಗೆಯಿಂದ ಎದ್ದಾಗಲೆಲ್ಲಾ ಸ್ಟಾರ್ಟ್ ಒತ್ತಿದ್ದೂ ನಾನೇ. ಅವರ ಕೈಯಲ್ಲಿ ಒಂದು ಸಲವೂ ಒತ್ತಿಸಲಿಲ್ಲ.

ಆ ಹನಿಯನ್ನು ಒರೆಸಿದೆ. ಸ್ಕ್ರೀನಿನ ವೈರು ಸೀದಾ ತೂತಿಗೆ ಇಳಿಯುತ್ತಿತ್ತು. ಅದನ್ನು ತೂತಿಗಿಂತ ಕೆಳಗೆ ಜೋಲಿಯ ಹಾಗೆ ಬಿಟ್ಟು, ಆಮೇಲೆ ಮೇಲಕ್ಕೆ ತಿರುಗಿಸಿ ಒಳಗೆ ಬಿಟ್ಟೆ. ಈಗ ನೀರು ಬಂದರೂ ಜೋಲಿಯ ತಳದಲ್ಲೇ ತೊಟ್ಟಿಕ್ಕುತ್ತದೆ, ಮೇಲೆ ಹತ್ತುವುದಿಲ್ಲ. ಮನೆಗೆ ಕರೆಂಟ್ ಎಳೆಯುವ ಯಾವ ವೈರ್‌ಮನ್ ಆದರೂ ಇದನ್ನು ಮಾಡುತ್ತಾನೆ. ನಾನು ಮಾಡಿರಲಿಲ್ಲ. ತೂತಿಗೆ ಟೇಪ್ ಅಂಟಿಸಿದೆ.

"ಇವತ್ತು ಒದ್ದೆ ಬೆರಳಲ್ಲೇ ಒತ್ತಿ ಅಕ್ಕಾ, ಏನೂ ಆಗಲ್ಲ," ಎಂದೆ.

ಆಮೇಲೆ ನೋಡಬೇಕಿತ್ತು ಆ ಜಾಗ! ಮಷಿನ್ ಒಂದು ಕಡೆ, ಎರಡು ಒಲೆ ಒಂದು ಕಡೆ. ಶರಣಮ್ಮ ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡು ತಾವೇ ಒಲೆಯ ಮುಂದೆ ಕೂತರು. ಕಸ್ತೂರಿ ಉಂಡೆ ಇಡುತ್ತಾ, ನೀರು ಸವರುತ್ತಾ ಓಡಾಡಿದಳು. ನಾನು ಬಿಸಿ ರೊಟ್ಟಿ ಎತ್ತಿ, ಇಪ್ಪತ್ತೈದರ ಕಟ್ಟು ಮಾಡಿ, ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದೆ. ನನ್ನ ಮೆತ್ತನೆ ಬೆರಳೆಲ್ಲಾ ಸುಟ್ಟವು. ಎರಡೂಮುಕ್ಕಾಲಿಗೆ ಕರೆಂಟ್ ಹೋಯಿತು. ಎಲ್ಲರೂ ಬಾಕ್ಸಿನ ಕಡೆ ತಿರುಗಿದರು. ಎರಡು ನಿಮಿಷಕ್ಕೆ ಕರೆಂಟ್ ಬಂತು. ಕಪ್ಪು. ಕಪ್ಪು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೂವತ್ತೆಂಟಕ್ಕೆ ಸ್ಕ್ರೀನ್ ಬೆಳಗಿತು. ನನ್ನ ಕೇಬಲ್ ಬ್ಯಾಗಿನಲ್ಲಿತ್ತು.

"ಎದ್ತು ನೋಡ ನಮ್ಮವ್ವ!" ಎಂದು ಶರಣಮ್ಮ ಒಲೆಯ ಮುಂದಿನಿಂದಲೇ ಕೂಗಿದರು.

ಇನ್ನೂ ಎರಡು ಸಲ ಕರೆಂಟ್ ಹೋಯಿತು. ಎರಡು ಸಲವೂ ತಾನೇ ಎದ್ದಿತು.

ಐದಕ್ಕೆ ಗಾಡಿಯ ಡ್ರೈವರ್ ಸೀನ ಬಂದು ಹಾರ್ನ್ ಹೊಡೆದ. ಅವನು ಕೆಂಗೇರಿಯವನು, ನನಗೆ ಪರಿಚಯ. ಬಾಗಿಲಿನಿಂದ ಇಣುಕಿ ನನ್ನನ್ನು ನೋಡಿದ.

"ಏನ್ ಗುರು, ಕಂಪ್ಯೂಟರ್ ಬಿಟ್ಟು ರೊಟ್ಟಿಗಿಳಿದಿದೀಯ?"

"ಬಾಯ್ ಮುಚ್ಕೊಂಡು ಬುಟ್ಟಿ ಎತ್ತು ಮಗಾ. ಇನ್ನೂ ಐವತ್ತು ಬಾಕಿ ಇದೆ."

"ಏಳೂವರೆಗೆ ಊಟ ಅಂತೆ. ಮೈಸೂರ್ ರೋಡ್ ಟ್ರಾಫಿಕ್ ನೋಡಿದೀಯ?"

"ನೋಡಿದೀನಿ. ಅದಕ್ಕೇ ಎತ್ತು ಅಂದಿದ್ದು."

ಐದು ಇಪ್ಪತ್ತಕ್ಕೆ ಕೊನೆಯ ಕಟ್ಟು ಬಿತ್ತು. ಶರಣಮ್ಮ ಮತ್ತೆ ಎಣಿಸಿದರು. ಸಾವಿರದ ಇನ್ನೂರು. ಅದರ ಮೇಲೆ ಐದು ರೊಟ್ಟಿ ಬೇರೆ ಕಟ್ಟಿದರು. ಇದು ಬಸುರಿಗೆ, ನಾನು ಕೈಯಾರೆ ಬಡಿದದ್ದು, ಬೇರೆಯಾಗಿ ಕೊಡು ಎಂದು ಸೀನನಿಗೆ ಮೂರು ಸಲ ಹೇಳಿದರು. ಏಳಕ್ಕೆ ಅವನ ಫೋನ್ ಬಂತು. ಮುಟ್ಟಿತು, ಬಿಸಿಯಾಗೇ ಇದೆ, ಊಟ ಬಡಿಸುವ ಮೊದಲೇ ಮಕ್ಕಳು ಅರ್ಧ ಕಟ್ಟು ಖಾಲಿ ಮಾಡಿದರು ಎಂದ.

ಮಾರನೇ ದಿನ ಮುರಳಿ ಸಾರ್‌ಗೆ ಎಲ್ಲಾ ಹೇಳಿದೆ. "ಟಚ್ ಸ್ಕ್ರೀನ್ ಹಾಕು ಅಂದಿದ್ದು ನಾನೇ ಅಲ್ವೇನೋ," ಎಂದರು. ಹೌದು ಎಂದೆ. ಆ ವಾರವೇ ಹೋಗಿ ಎರಡು ದೊಡ್ಡ ಬಟನ್ ಕೂರಿಸಿದೆ. ಹಸಿರು ಒಂದು, ಕೆಂಪು ಒಂದು. ಕಾರ್ಖಾನೆಯ ಮಷಿನ್‌ಗಳಿಗೆ ಹಾಕುವಂಥವು. ಒದ್ದರೂ ಏನೂ ಆಗುವುದಿಲ್ಲ. ಸ್ಕ್ರೀನು ಈಗ ಬರೀ ನೋಡಲು.

ಬಟನ್ ಕೂರಿಸಿ, ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ಹಿಂದೆ ನಿಂತೆ. "ನೀವು ಒತ್ತಿ, ನಾನು ನೋಡ್ತೀನಿ," ಎಂದೆ. ಅವತ್ತಿನಿಂದ ಯಾವ ಮಷಿನ್ ಕೂರಿಸಿದರೂ ಹಾಗೇ ಮಾಡುತ್ತೇನೆ. ನಾನು ಒತ್ತಿ ತೋರಿಸುವುದಿಲ್ಲ. ಕೆಲಸ ಮಾಡುವವರು ಒತ್ತುತ್ತಾರೆ, ನಾನು ಅವರ ಕೈ ನೋಡುತ್ತೇನೆ. ಕೆಟ್ಟಾಗ ನೀರು ಹಾಕಿದಿರಾ, ಬೀಳಿಸಿದಿರಾ ಎಂದೂ ಕೇಳುವುದಿಲ್ಲ. ದಿನಾ ಹೇಗೆ ಮಾಡುತ್ತೀರಿ, ಒಂದು ಸಲ ಮಾಡಿ ತೋರಿಸಿ ಎನ್ನುತ್ತೇನೆ.

ಶರಣಮ್ಮ ಅಭ್ಯಾಸಬಲದಿಂದ ಬೋಗುಣಿಯ ಕಡೆ ಕೈ ಚಾಚಿದರು. ತಡೆದರು. ಒಣಗಿದ ಬೆರಳಿನಿಂದ ಹಸಿರು ಬಟನ್ ಒತ್ತಿದರು. ಬೆಲ್ಟ್ ಓಡಿತು.

"ಈಗ ಮಾತ ಕೇಳ್ತೈತಿ," ಎಂದರು.

ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.